ಅಪ್‌ಡೇಟ್: ಪಿಜಿಯ ಎರಡು ಇಂಟರ್‌ನೆಟ್ ಲೈನ್ ಈಗ ಒಂದೇ ರೂಟರಿಗೆ

ಕಳೆದ ತಿಂಗಳು ಕೇಳಿದ್ದೆ: ನಮ್ಮ ಪಿಜಿಯಲ್ಲಿ ಬೇರೆ ಬೇರೆ ಕಂಪನಿಯ 40 ಎಂಬಿಪಿಎಸ್ ಲೈನ್ ಎರಡಿವೆ, ಸೇರಿಸಿ 80 ಮಾಡಬಹುದಾ ಅಂತ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಓನರ್ ಅಂಕಲ್ ಒಪ್ಪಿದ ಮೇಲೆ ಎರಡು ಲೈನ್ ಒಟ್ಟಿಗೆ ಹಾಕಬಹುದಾದ ರೂಟರ್ ಟಿಪಿ-ಲಿಂಕ್ ಇಆರ್605 ತಂದ್ವಿ. ಅದರಲ್ಲಿ ವೈಫೈ ಇಲ್ಲ, ಹಾಗಾಗಿ ಹಳೇ ರೂಟರನ್ನೇ ಆಕ್ಸೆಸ್ ಪಾಯಿಂಟ್ (ವೈಫೈ ಮಾತ್ರ ಕೊಡೋ ಬಾಕ್ಸ್) ಮಾಡಿದೆ.

ನೀವು ಹೇಳಿದ್ದೇ ನಿಜ. ಒಂದು ಕನೆಕ್ಷನ್ ಒಂದೇ ಲೈನಲ್ಲಿ ಹೋಗೋದರಿಂದ ಒಂದು ಫೈಲ್ ಡೌನ್‌ಲೋಡ್ ಈಗಲೂ 40 ದಾಟಲ್ಲ. ಆದರೆ ರಾತ್ರಿ ನಾವು ಹನ್ನೆರಡು ಜನ ಒಟ್ಟಿಗೆ ನೆಟ್ ಬಳಸೋವಾಗ ಲೋಡ್ ಹಂಚಿಹೋಗುತ್ತೆ. ನಮಗೆ ಬೇಕಿದ್ದದ್ದೇ ಅದು.

ಮೊದಲೆರಡು ದಿನ ಬ್ಯಾಂಕ್ ಸೈಟಲ್ಲಿ ಒಟಿಪಿ ಹಾಕಿದ ಕೂಡಲೇ ಲಾಗೌಟ್ ಆಗ್ತಿತ್ತು. ಎರಡು ಲೈನಿಗೂ ಬೇರೆ ಬೇರೆ ಐಪಿ (ನೆಟ್ ವಿಳಾಸ) ಇರೋದರಿಂದ ಒಂದೇ ಲಾಗಿನ್ ಎರಡು ಐಪಿಯಿಂದ ಹೋಗ್ತಿತ್ತು, ಅದೇ ಕಾರಣ. ರೂಟರ್ ಸೆಟ್ಟಿಂಗಿನ ಲೋಡ್ ಬ್ಯಾಲೆನ್ಸಿಂಗ್ ಪುಟದಲ್ಲಿ 'ಅಪ್ಲಿಕೇಶನ್ ಆಪ್ಟಿಮೈಸ್ಡ್ ರೂಟಿಂಗ್' (ಒಂದು ಫೋನಿಂದ ಒಂದು ಸೈಟಿಗೆ ಹೋಗೋದನ್ನೆಲ್ಲ ಒಂದೇ ಲೈನಲ್ಲಿ ಕಳಿಸೋ ಆಯ್ಕೆ) ಟಿಕ್ ಮಾಡಿದೆ, ಸರಿಹೋಯ್ತು. ಯಾರಾದರೂ ಇದೇ ಸೆಟಪ್ ಮಾಡ್ತಿದ್ರೆ ಇದನ್ನ ಮರೀಬೇಡಿ.

ಮೊನ್ನೆ ಮಳೆಗೆ ಒಂದು ಫೈಬರ್ ಕಟ್ಟಾಯ್ತು, ಆ ಲೈನಿನ ಫೈಬರ್ ಬಾಕ್ಸಲ್ಲಿ ಕೆಂಪು ದೀಪ ಮಿನುಗ್ತಾ ಇತ್ತು. ರೂಮ್‌ಮೇಟ್ ಆನ್‌ಲೈನ್ ಇಂಟರ್‌ವ್ಯೂ ನಡುವೆ ಇದ್ದ. ಕಾಲ್ ಒಮ್ಮೆ ನಿಂತು, ಇನ್ನೊಂದು ಲೈನಿಂದ ತಾನೇ ಮತ್ತೆ ಸೇರ್ಕೊಂಡಿತು.