ರಿಟೈರ್ ಆದ್ಮೇಲೆ ಹಳ್ಳಿ ಮನೆ: ಬ್ರಹ್ಮಾವರವಾ, ಹೆಬ್ರಿಯಾ?

ಪ್ರಶ್ನೆ: ಬರೋ ವರ್ಷ ರಿಟೈರ್ ಆಗ್ತೇನೆ, ಹೆಂಡ್ತಿಗೆ ಮಂಡಿ ನೋವು, ಬಿಪಿ ಉಂಟು. ಉಡುಪಿ ಜಿಲ್ಲೆಯಲ್ಲಿ ಘಟ್ಟದ ಬುಡದ ಹೆಬ್ರಿ ಹತ್ರ ತೋಟ ಸಮೇತ ಹಳೇ ಹಂಚಿನ ಮನೆ ಸಿಕ್ಕಿದೆ, ಕಡಲ ಬದಿಯ ಬ್ರಹ್ಮಾವರದಲ್ಲಿ ಬರೀ ಸೈಟು, ಕಟ್ಟಿಸ್ಬೇಕು. ಯಾವುದು ಒಳ್ಳೇದು?

ಉತ್ತರ: ಮಳೆಗಾಲದ ಹಸಿರು ನೋಡಿ ಮರುಳಾಗ್ಬೇಡಿ ಮಾರಾಯ್ರೆ, ಏಪ್ರಿಲ್ ಕೊನೆಗೆ ಹೋಗಿ ಬಾವಿ ನೋಡಿ, ಪಂಪ್ ಹಾಕಿ ಖಾಲಿ ಮಾಡ್ಸಿ ಮರುದಿನ ಬೆಳಿಗ್ಗೆಗೆ ಎಷ್ಟು ಒರತೆ ಬಂತು ಅಂತ ನೋಡಿ, ಅದೇ ನಿಜವಾದ ಲೆಕ್ಕ. ಬ್ರಹ್ಮಾವರದಲ್ಲಿ ಹೊಳೆ ಬದಿ ಆದ್ರೆ ನೀರು ಕುಡಿದೇ ನೋಡಿ, ಬೇಸಿಗೆಯಲ್ಲಿ ಉಪ್ಪಾಗ್ತದೆ. ಹಂಚಿನ ಮನೆಯ ಪಕ್ಕಾಸಿಗೆ (ಮಾಡಿನ ಮರದ ತೊಲೆಗಳಿಗೆ) ಸ್ಕ್ರೂಡ್ರೈವರ್ ಚುಚ್ಚಿ, ಗೆದ್ದಲು ಇದ್ರೆ ಸಲೀಸಾಗಿ ಒಳಗೆ ಹೋಗ್ತದೆ.

ಉತ್ತರ: ಆ ತೋಟದಲ್ಲಿ ವರ್ಗ (ಸ್ವಂತ ಪಟ್ಟಾ ಜಾಗ) ಎಷ್ಟು, ಕುಮ್ಕಿ ಎಷ್ಟು ಕೇಳಿದ್ರಾ? ಕುಮ್ಕಿ ಅಂದ್ರೆ ವರ್ಗಕ್ಕೆ ತಾಗಿದ ಸರ್ಕಾರದ ಜಾಗ, ಬೇಲಿ ಒಳಗೇ ಇದ್ರೂ ನಿಮ್ಮ ಹೆಸ್ರಿಗೆ ರಿಜಿಸ್ಟರ್ ಆಗುದಿಲ್ಲ. ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ತಗೊಳ್ಬಹುದು, ಆ ಹೆದರಿಕೆ ಬೇಡ.

ಉತ್ತರ: ನಾನಾದ್ರೆ ಬ್ರಹ್ಮಾವರ. ಹೈವೇ 66 ಪಕ್ಕದಲ್ಲೇ, ಮಣಿಪಾಲ ಆಸ್ಪತ್ರೆ ಹತ್ರ, ಹೆಬ್ರಿ ಕಡೆ ಜೋರು ಮಳೆಗೆ ಮರ ಬಿದ್ರೆ ರೋಡೂ ಇಲ್ಲ ಕರೆಂಟೂ ಇಲ್ಲ, ಅಡಿಕೆಗೆ ಮದ್ದು ಬಿಡ್ಲಿಕ್ಕೆ ಜನವೂ ಸಿಗುದಿಲ್ಲ. ಮೆಟ್ಟಿಲಿಲ್ಲದೆ ಒಂದೇ ಅಂತಸ್ತು ಕಟ್ಟಿ, ಬಚ್ಚಲಿಗೆ ಹಿಡಿಕೆ ಈಗ್ಲೇ ಹಾಕ್ಸಿ.