ಸಂಜೆ ಏಳಕ್ಕೆ 178 ವೋಲ್ಟ್: ಯಾರಿಗೆ ಬರೆಯೋಣ?

ಕಾರ್ಯದರ್ಶಿ, 2ನೇ ಕ್ರಾಸ್:
ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ 7.20ಕ್ಕೆ ನಮ್ಮ ಮನೆ ಸ್ಟೆಬಿಲೈಜರ್ 178 ತೋರಿಸುತ್ತಿತ್ತು. ಫ್ಯಾನ್ ತಿರುಗುತ್ತಿತ್ತು, ಗಾಳಿ ಮಾತ್ರ ಇಲ್ಲ. ಸಂಪಿನ ಮೋಟಾರ್ ಗುಂಯ್ ಎಂದು ಸುಮ್ನೆ ನಿಂತಿತು, ಸುಟ್ಟ ವಾಸನೆ ಬಂದ ಮೇಲೆ ಓಡಿಹೋಗಿ ಸ್ವಿಚ್ ಆರಿಸಿದೆ. ಹಾಸನದ ಸಾಲಗಾಮೆ ರಸ್ತೆ ಕಡೆಯ ಈ ಬಡಾವಣೆಗೆ ನಾವು ಬಂದಾಗ ನಲವತ್ತು ಮನೆ ಇದ್ದವು. ಈಗ ನೂರು ದಾಟಿವೆ, ಟಿಸಿ (ಬೀದಿಯ ಟ್ರಾನ್ಸ್‌ಫಾರ್ಮರ್) ಅದೇ ಹಳೆಯದು. ಕರೆಂಟ್ ಕಚೇರಿಯವರಿಗೆ ಬಾಯಿಮಾತಲ್ಲಿ ನಾಲ್ಕು ಸಲ ಹೇಳಿದ್ದಾಯಿತು. "ಎಸ್ಟಿಮೇಟ್ ಹೋಗಿದೆ" ಎನ್ನುತ್ತಾರೆ. ಎಲ್ಲಿಗೆ ಹೋಗಿದೆಯೋ ಗೊತ್ತಿಲ್ಲ. ಮುಂದೇನು ಮಾಡೋಣ, ಹೇಳಿ.

ಮೆಡಿಕಲ್ ಶಾಪ್ ಅಣ್ಣ:
ಬೆಂಗಳೂರಿನ ವಿದ್ಯುತ್ ಆಯೋಗಕ್ಕೇ ನೇರ ಬರೆದುಬಿಡೋಣ. ಕರೆಂಟ್ ಕೊಡುವ ಕಂಪನಿ ಮೇಲೆ ಅವರೇ ಅಲ್ವಾ? ನನ್ನ ಫ್ರಿಜ್‌ನಲ್ಲಿ ಇನ್ಸುಲಿನ್ ಇದೆ, ನನಗೆ ಕಾಯುವಷ್ಟು ಪುರುಸೊತ್ತಿಲ್ಲ.

ನಿವೃತ್ತ ಎಂಜಿನಿಯರ್, 4ನೇ ಕ್ರಾಸ್:
ತಡೀರಿ. ನಾನು ಕೆಇಬಿ, ಅಂದರೆ ಹಳೆಯ ವಿದ್ಯುತ್ ಮಂಡಳಿ ಕಾಲದವನು. ಆಗ ದರ ಹೇಳುವವರೂ ನಾವೇ, ಕರೆಂಟ್ ಕೊಡುವವರೂ ನಾವೇ, ದೂರು ಕೇಳುವವರೂ ನಾವೇ. 1999ರಲ್ಲಿ ಸುಧಾರಣಾ ಕಾಯ್ದೆ ಬಂದು ಮಂಡಳಿ ಹೋಗಿ ಕೆಪಿಟಿಸಿಎಲ್ ಎಂಬ ಸರ್ಕಾರಿ ಕಂಪನಿ ಆಯಿತು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವೂ ಆಗಲೇ ಬಂತು. ಅಧ್ಯಕ್ಷರೂ ಸೇರಿ ಮೂವರ ಆಯೋಗ. ದರ ಎಷ್ಟು, ಕಂಪನಿ ಎಷ್ಟು ಖರ್ಚು ತೋರಿಸಬಹುದು, ಸೇವೆ ಹೇಗಿರಬೇಕು ಎಂಬುದನ್ನೆಲ್ಲ ಅವರು ಗೊತ್ತುಮಾಡುತ್ತಾರೆ.

ಆದರೆ ನಮ್ಮ ಬೀದಿಯ ಟಿಸಿ ದೂರನ್ನು ಆಯೋಗ ನೇರವಾಗಿ ತೆಗೆದುಕೊಳ್ಳುವುದಿಲ್ಲ. ಒಬ್ಬೊಬ್ಬ ಗ್ರಾಹಕರ ದೂರು ಕುಂದುಕೊರತೆ ವೇದಿಕೆಗೇ ಹೋಗಬೇಕು ಎಂದು 2007ರಲ್ಲಿ ಸುಪ್ರೀಂ ಕೋರ್ಟ್ ಮಹಾರಾಷ್ಟ್ರದ ಒಂದು ಕೇಸಿನಲ್ಲಿ ಹೇಳಿದೆ. 2003ರ ವಿದ್ಯುತ್ ಕಾಯ್ದೆಯ 42ನೇ ಸೆಕ್ಷನ್‌ನಲ್ಲೇ ಆ ದಾರಿ ಇದೆ. ಆಯೋಗಕ್ಕೆ ಹಾಕಿದರೆ "ವೇದಿಕೆಗೆ ಹೋಗಿ" ಎಂದು ವಾಪಸ್ ಬರುತ್ತದೆ. ಸುಮ್ನೆ ಎರಡು ತಿಂಗಳು ಹಾಳು.

ಮೆಡಿಕಲ್ ಶಾಪ್ ಅಣ್ಣ:
ಹಂಗಾದ್ರೆ ಆಯೋಗ ಇದ್ದು ನಮಗೇನು ಲಾಭ ಸರ್?

ನಿವೃತ್ತ ಎಂಜಿನಿಯರ್:
ಅಳತೆಗೋಲು ಅವರದು. ಮನೆಗೆ ಬರುವ ಕರೆಂಟ್ 230 ವೋಲ್ಟ್, ಆಚೀಚೆ ಶೇಕಡಾ 6. ಅಂದರೆ 216ಕ್ಕಿಂತ ಕೆಳಗೆ ಇಳಿಯುವ ಹಾಗಿಲ್ಲ. ಕಾರ್ಯದರ್ಶಿಗಳ ಮನೆಯಲ್ಲಿ 178! "ವೋಲ್ಟೇಜ್ ಕಡಿಮೆ" ಎಂದು ಬರೆದರೆ ಅದು ಗೊಣಗಾಟ. "ಇಂಥ ದಿನ, ಇಷ್ಟು ಗಂಟೆಗೆ, ಇಷ್ಟು ವೋಲ್ಟ್" ಎಂದು ಬರೆದರೆ ಅದು ದೂರು. ಸರಿಪಡಿಸಲು ಇರುವ ಗಡುವು ಮೀರಿದರೆ ಪರಿಹಾರ ಕೇಳಲು 57ನೇ ಸೆಕ್ಷನ್ ಇದೆ. ದುಡ್ಡು ದೊಡ್ಡದೇನಲ್ಲ ಬಿಡಿ. ಆದರೆ ಫೈಲ್‌ನಲ್ಲಿ ಆ ಮಾತು ಬಂದರೆ ಕಚೇರಿಯವರು ಎದ್ದು ಕೂರುತ್ತಾರೆ. ಅನುಭವದಿಂದ ಹೇಳುತ್ತಿದ್ದೇನೆ, ನಾನೂ ಹಾಗೇ ಎದ್ದು ಕೂತವನು 😄

ಟೀಚರ್ ಮೇಡಂ, 1ನೇ ಕ್ರಾಸ್:
ಸರ್, ನಮ್ಮದು ಗೃಹಜ್ಯೋತಿ. ಸೊನ್ನೆ ಬಿಲ್. ದುಡ್ಡೇ ಕೊಡದವರು ದೂರು ಕೊಟ್ಟರೆ ನಗುವುದಿಲ್ಲವಾ?

ನಿವೃತ್ತ ಎಂಜಿನಿಯರ್:
ನಿಮ್ಮ ಪಾಲಿನದು ಸರ್ಕಾರ ಕಟ್ಟುತ್ತದೆ ಮೇಡಂ. ಕಾಯ್ದೆಯ ಪ್ರಕಾರ ಸಬ್ಸಿಡಿ ಹಣ ಕಂಪನಿಗೆ ಮುಂಗಡವಾಗಿ ಹೋಗಬೇಕು. ನಿಮಗೂ ಆರ್‌ಆರ್ ನಂಬರ್ (ಬಿಲ್ ಮೇಲಿನ ಸಂಪರ್ಕ ಸಂಖ್ಯೆ) ಇದೆ, ನೀವೂ ಗ್ರಾಹಕರೇ. ಧೈರ್ಯವಾಗಿ ಸಹಿ ಹಾಕಿ.

ಮೂಲೆ ಮನೆ:
ಒಂದು ವಿಷಯ. ದೂರು ಕೊಟ್ಟರೆ ಬಂದು ನಮ್ಮ ಲೋಡ್ ನೋಡುತ್ತಾರೆ. ಎಷ್ಟು ಮನೆಯಲ್ಲಿ 2 ಕಿಲೋವ್ಯಾಟ್ ಬರೆಸಿ ಗೀಸರ್, ಇಂಡಕ್ಷನ್, ಎಸಿ ಎಲ್ಲ ಓಡಿಸುತ್ತಿದ್ದೇವೆ? ನಿಗದಿತ ಶುಲ್ಕ 2025ರ ಏಪ್ರಿಲ್‌ನಲ್ಲೇ ಕಿಲೋವ್ಯಾಟ್‌ಗೆ 120ರಿಂದ 145 ಆಯಿತು. ಕೆದಕಿ ಮೈಮೇಲೆ ಎಳೆದುಕೊಳ್ಳುವುದು ಯಾಕೆ?

ಕಾರ್ಯದರ್ಶಿ:
ಅದೂ ನಿಜವೇ. ಆದರೆ ನಾವು 2 ಎಂದು ಬರೆಸಿ 5 ಎಳೆದರೆ, ಕಂಪನಿಯ ಲೆಕ್ಕದಲ್ಲಿ ಈ ಟಿಸಿ ಇನ್ನೂ ಆರಾಮಾಗಿದೆ. ದೊಡ್ಡ ಟಿಸಿ ಯಾಕೆ ಕೊಡುತ್ತಾರೆ? ನಾನು ನಾಳೆಯೇ ನಮ್ಮ ಲೋಡ್ 4ಕ್ಕೆ ಏರಿಸಲು ಅರ್ಜಿ ಹಾಕುತ್ತೇನೆ. ಉಳಿದವರು ನಿಮ್ಮ ಮನೆಯಲ್ಲಿ ಕೇಳಿಕೊಂಡು ಹೇಳಿ.

ಟೀಚರ್ ಮೇಡಂ:
ಮೂಲೆ ಮನೆಯಣ್ಣ, ನಿಮ್ಮ ಮನೆ ಲೈಟು ಮಾತ್ರ ಸಂಜೆಯೂ ಜಗಮಗ ಎನ್ನುತ್ತದೆ. ಅದು ಹೇಗೆ? 🙂

ಮೂಲೆ ಮನೆ:
...ಹೋದ ತಿಂಗಳು ಲೈನ್‌ಮ್ಯಾನ್‌ಗೆ ಹೇಳಿ ಫೇಸ್ ಬದಲಾಯಿಸಿಕೊಂಡೆ, ಅಂದರೆ ಕಂಬದ ಮೂರು ಕರೆಂಟ್ ತಂತಿಗಳಲ್ಲಿ ಬೇರೊಂದಕ್ಕೆ ನಮ್ಮ ಮನೆ ಸೇರಿಸಿಕೊಂಡೆ. ತಪ್ಪಾಗಿದ್ದರೆ ಕ್ಷಮಿಸಿ.

ನಿವೃತ್ತ ಎಂಜಿನಿಯರ್:
ಕ್ಷಮೆ ಬೇಡ, ನೀವು ಒಳ್ಳೆಯ ಸುಳಿವು ಕೊಟ್ಟಿರಿ! ಒಂದು ಫೇಸ್ ಚೆನ್ನಾಗಿದೆ, ಇನ್ನೊಂದು ಕುಸಿಯುತ್ತಿದೆ ಎಂದರೆ ಮನೆಗಳೆಲ್ಲ ಒಂದೇ ಕಡೆ ಜೋತುಬಿದ್ದಿವೆ. ಹಾಗಾಗಿ ದೂರಿನಲ್ಲಿ ಎರಡು ಬೇಡಿಕೆ ಬೇರೆ ಬೇರೆ ಬರೆಯಿರಿ. ಒಂದು, ಮೂರು ಫೇಸ್‌ಗೂ ಮನೆಗಳನ್ನು ಸಮನಾಗಿ ಹಂಚುವುದು. ಅದಕ್ಕೆ ಹೊಸ ಸಾಮಾನು ಬೇಡ, ಗಡುವೂ ಕಡಿಮೆ. ಇನ್ನೊಂದು, ಟಿಸಿ ದೊಡ್ಡದು ಮಾಡುವುದು. ಅದಕ್ಕೆ ಗಡುವು ಜಾಸ್ತಿ. ಎರಡನ್ನೂ ಒಟ್ಟಿಗೆ ಕಲಸಿದರೆ ಸಣ್ಣ ಕೆಲಸವೂ ದೊಡ್ಡದರ ಹಿಂದೆ ಕಾಯುತ್ತಾ ನಿಲ್ಲುತ್ತದೆ.

ಮೆಡಿಕಲ್ ಶಾಪ್ ಅಣ್ಣ:
ಸರಿ, ಮೊದಲು ಎಲ್ಲಿ ಕೊಡೋದು?

ನಿವೃತ್ತ ಎಂಜಿನಿಯರ್:
ಮೊದಲು 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಆಮೇಲೆ ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಕಚೇರಿಗೆ ಕಾಗದ, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳದೆ ಬರಬೇಡಿ. ಅಲ್ಲಿ ಆಗದಿದ್ದರೆ ಕುಂದುಕೊರತೆ ವೇದಿಕೆ. ಅದರಲ್ಲಿ ಕಂಪನಿಯ ಅಧಿಕಾರಿಗಳೇ ಇರುತ್ತಾರೆ ಎಂದು ಹೆದರಬೇಡಿ, ಒಬ್ಬರು ಆಯೋಗದ ಕಡೆಯವರು. ಅವರ ಆದೇಶ ಸರಿ ಕಾಣದಿದ್ದರೆ 30 ದಿನದೊಳಗೆ ವೇದಿಕೆಯ ಮೇಲೆ ದೂರು ಕೇಳುವ ಬೆಂಗಳೂರಿನ ಓಂಬುಡ್ಸ್‌ಮನ್ ಬಳಿ ಹೋಗಬಹುದು. ವಕೀಲರು ಬೇಕಿಲ್ಲ.

ಟೀಚರ್ ಮೇಡಂ:
ಹೇಮಾವತಿ ನೀರು ಮೂರು ದಿನಕ್ಕೊಮ್ಮೆ ಬರುತ್ತದಲ್ಲ, ಅದನ್ನೂ ಈ ಆಯೋಗಕ್ಕೇ ಸೇರಿಸಿ ಬರೆಯಬಹುದಾ?

ನಿವೃತ್ತ ಎಂಜಿನಿಯರ್:
ಇಲ್ಲ ಮೇಡಂ, ಇವರದು ವಿದ್ಯುತ್ ಮಾತ್ರ. ನೀರಿಗೆ ನಗರಾಡಳಿತ. ಅದಕ್ಕೆ ಬೇರೆ ಜಗಳ, ಬೇರೆ ದಿನ. ಆದರೆ ದರ ಏರುವಾಗ ಆಯೋಗದ ಮುಂದೆ ನಾವೇ ಮಾತಾಡಬಹುದು. ಕಂಪನಿ ಅರ್ಜಿ ಹಾಕಿದ ಮೇಲೆ ಆಕ್ಷೇಪಣೆ ಕರೆಯುತ್ತಾರೆ, ಬಹಿರಂಗ ವಿಚಾರಣೆ ನಡೆಸುತ್ತಾರೆ. ಕಳೆದ ಸಲ ಮೂರು ವರ್ಷದ ದರ ಒಟ್ಟಿಗೇ ಗೊತ್ತುಮಾಡಿದರು. ಪಿಂಚಣಿ, ಗ್ರಾಚ್ಯುಟಿ ಹೆಸರಲ್ಲಿ ಯೂನಿಟ್‌ಗೆ 36 ಪೈಸೆ ಬಿತ್ತಲ್ಲ, ಆಗ ನಮ್ಮ ಗುಂಪಿನಲ್ಲಿ ಬರೀ ಸಿಟ್ಟಿನ ಎಮೋಜಿ ಬಂದವು, ಆಕ್ಷೇಪಣೆ ಒಂದೂ ಹೋಗಲಿಲ್ಲ. ಆ 36 ಪೈಸೆಯಲ್ಲಿ ನನ್ನ ಪಿಂಚಣಿಯೂ ಇದೆ, ಹಾಗಾಗಿ ನಾನು ಸುಮ್ಮನಿದ್ದೆ!

ಕಾರ್ಯದರ್ಶಿ:
😂 ಸರ್, ಅದಕ್ಕೆ ಭಾನುವಾರದ ಕಾಫಿ ನಿಮ್ಮದೇ. ಈಗ ಕೆಲಸ. ಇವತ್ತಿನಿಂದ ಏಳು ದಿನ, ಸಂಜೆ 7 ಮತ್ತು 9ಕ್ಕೆ ಪ್ರತಿ ಕ್ರಾಸ್‌ನಿಂದ ಇಬ್ಬರು ರೀಡಿಂಗ್ ಫೋಟೋ ಹಾಕಿ. ಜೊತೆಗೆ ಆರ್‌ಆರ್ ನಂಬರ್ ನನಗೆ ಪ್ರತ್ಯೇಕ ಕಳಿಸಿ, ಗುಂಪಿನಲ್ಲಿ ಹಾಕಬೇಡಿ. ಮೆಡಿಕಲ್ ಅಣ್ಣ, ಕಾಗದ ನಿಮ್ಮ ಅಂಗಡಿಯಲ್ಲಿ ಇರಲಿ, ಔಷಧಿಗೆ ಬಂದವರೆಲ್ಲ ಸಹಿ ಮಾಡಲಿ.

ಮೆಡಿಕಲ್ ಶಾಪ್ ಅಣ್ಣ:
ಆಯ್ತು. ಪೆನ್ನು ಕಟ್ಟಿಹಾಕಿರುತ್ತೇನೆ.

ಟೀಚರ್ ಮೇಡಂ, 7.02:
1ನೇ ಕ್ರಾಸ್ 183.

ಕಾರ್ಯದರ್ಶಿ, 7.04:
2ನೇ ಕ್ರಾಸ್ 180. ಫೋಟೋ ಹಾಕಿದ್ದೇನೆ.

ಮೂಲೆ ಮನೆ, 7.10:
224. ಬೇಜಾರು ಮಾಡ್ಕೋಬೇಡಿ.