‘ನೋಂದಣಿದಾರ’ ಎಂದರೆ ಯಾರು?

ಪ್ರಶ್ನೆ: ಡೊಮೈನ್ ಹೆಸರು, ಅಂದರೆ ವೆಬ್‌ಸೈಟಿನ ವಿಳಾಸವಾಗುವ ಹೆಸರು, ಕೊಳ್ಳುವವರಿಗಾಗಿ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ‘ರಿಜಿಸ್ಟ್ರಾರ್’ಗೆ ‘ನೋಂದಣಿದಾರ’, ‘ಅಕ್ರೆಡಿಟೆಡ್’ಗೆ ‘ಅಧಿಕೃತ’ ಎಂದರೆ ಸರಿಯೆ?

ಉತ್ತರ: ಎರಡೂ ಬೇಡ. ಪಾಲುದಾರ, ಖಾತೆದಾರ ಎಂಬಲ್ಲಿ ‘ದಾರ’ ಎಂದರೆ ಹೊಂದಿರುವವನು. ಹಾಗಾಗಿ ನೋಂದಣಿದಾರ ಎಂದೊಡನೆ ಓದುಗರಿಗೆ ಹೊಳೆಯುವುದು ಡೊಮೈನನ್ನು ತನ್ನ ಹೆಸರಿಗೆ ನೋಂದಾಯಿಸಿಕೊಂಡವನು, ಅಂದರೆ ರಿಜಿಸ್ಟ್ರಂಟ್. ಆ ಪದವನ್ನು ಅವನಿಗೇ ಬಿಡಿ. ಕುಲಸಚಿವ, ನಿಬಂಧಕ, ನೋಂದಣಾಧಿಕಾರಿ ಇವೆಲ್ಲ ಹುದ್ದೆಗಳು. ಇಲ್ಲಿರುವುದು ಹೆಸರು ಮಾರುವ ಕಂಪನಿ. ‘ನೋಂದಣಿ ಸಂಸ್ಥೆ’ ಎನ್ನಿ, ಇಲ್ಲವೇ ರಿಜಿಸ್ಟ್ರಾರ್ ಎಂದೇ ಇರಲಿ. ರಿಜಿಸ್ಟ್ರಿ ಮತ್ತೆ ಬೇರೆ: ‘ಡಾಟ್ ಕಾಮ್’ ಹೆಸರುಗಳ ಮೂಲ ಪಟ್ಟಿ ವೆರಿಸೈನ್ ಎಂಬ ಕಂಪನಿಯ ಬಳಿ ಇದೆ, ಸಂಸ್ಥೆಗಳು ಅದರಲ್ಲಿ ನಿಮ್ಮ ಪರವಾಗಿ ಬರೆಸುತ್ತವೆ.

ಈ ಗೊಂದಲ ಬರೀ ಪದದ್ದಲ್ಲ. ವೆಬ್‌ಸೈಟ್ ಕಟ್ಟಿಕೊಟ್ಟವರು ನೋಂದಣಿದಾರನ ಜಾಗದಲ್ಲಿ ತಮ್ಮ ಹೆಸರನ್ನೇ ತುಂಬಿದ್ದರೆ, ಹಣ ಕೊಟ್ಟವರಿಗೆ ಡೊಮೈನ್ ಮೇಲೆ ಹಿಡಿತವಿರುವುದಿಲ್ಲ. ಅಲ್ಲಿ ಕೊಡುವ ಇಮೇಲ್ ಅದೇ ಡೊಮೈನಿನದಾಗಿರಬಾರದು ಎಂಬುದನ್ನೂ ಕೈಪಿಡಿಯಲ್ಲಿ ಸೇರಿಸಿ. ಅವಧಿ ಮುಗಿದು ಹೆಸರು ನಿಂತರೆ ಅಂಚೆಯೂ ನಿಲ್ಲುತ್ತದೆ, ಪಾಸ್‌ವರ್ಡ್ ಬದಲಿಸುವ ಕೊಂಡಿ ಕೈಸೇರುವುದಿಲ್ಲ.

‘ಅಧಿಕೃತ’ ಎಂದು ಯಾವ ಏಜೆಂಟನಾದರೂ ಹಾಕಿಕೊಳ್ಳಬಹುದು. ಡೊಮೈನ್ ವ್ಯವಸ್ಥೆಯನ್ನು ಜಾಗತಿಕವಾಗಿ ನೋಡಿಕೊಳ್ಳುವ ಐಕ್ಯಾನ್ (ICANN) ನೋಂದಣಿ ಸಂಸ್ಥೆಗಳಿಗೆ ಕೊಡುವುದು ಮಾನ್ಯತೆ. ‘ಮಾನ್ಯತೆ ಪಡೆದ’ ಎಂದೇ ಬರೆಯಿರಿ. ಆ ಸಂಸ್ಥೆಗಳ ಪಟ್ಟಿ ಐಕ್ಯಾನ್ ತಾಣದಲ್ಲಿದೆ, ಪ್ರತಿಯೊಂದಕ್ಕೂ ಐಯಾನಾ (IANA) ಸಂಖ್ಯೆ ಎಂಬ ಗುರುತಿನ ಸಂಖ್ಯೆಯಿದೆ. ಪಟ್ಟಿಯಲ್ಲಿ ಹೆಸರಿಲ್ಲದವರು ಮೋಸಗಾರರೆಂದಲ್ಲ, ಮರುಮಾರಾಟಗಾರರಿರಬಹುದು. ಆದರೆ ಅವರ ಹಿಂದಿರುವ ಸಂಸ್ಥೆ ಯಾವುದೆಂದು ಮೊದಲೇ ಕೇಳಿಕೊಳ್ಳಬೇಕು. ಮಧ್ಯದವರು ಅಂಗಡಿ ಮುಚ್ಚಿದರೆ ಹೋಗಬೇಕಾದುದು ಅಲ್ಲಿಗೇ.

‘ಕೊಳ್ಳುವುದು’ ಆಡುಮಾತಿಗೆ ಸರಿ, ಕೈಪಿಡಿಗೆ ಸಾಲದು. ಹೆಸರು ನಿಮಗೆ ಸಿಗುವುದು ಒಮ್ಮೆಗೆ ಹೆಚ್ಚೆಂದರೆ 10 ವರ್ಷಕ್ಕೆ, ಆಮೇಲೆ ನವೀಕರಣ. ಮೊದಲ ವರ್ಷದ ದರ ನೋಡಿ ಮರುಳಾಗದೆ ನವೀಕರಣದ ದರ ಕೇಳಿ ಎಂಬ ಸಾಲು ದಪ್ಪಕ್ಷರದಲ್ಲಿರಲಿ.

ನವೀಕರಿಸದೆ ಕೈಬಿಟ್ಟ ಹೆಸರನ್ನು ಮರಳಿ ಪಡೆಯಲು ಸಿಗುವ ಕಾಲವೇ ‘ರಿಡೆಂಪ್ಶನ್ ಪೀರಿಯಡ್’. ಅದಕ್ಕೆ ವಿಮೋಚನಾ ಅವಧಿ ಎಂದರೆ ಜೈಲಿನ ನೆನಪಾದೀತು! ಒತ್ತೆಯ ಒಡವೆಯಂತೆ ‘ಬಿಡಿಸಿಕೊಳ್ಳುವ ಗಡುವು’ ಎನ್ನಿ. ‘ಡಾಟ್ ಕಾಮ್’ನಂಥವುಗಳಿಗೆ ಅದು 30 ದಿನ, ನವೀಕರಣದ ಮೇಲೆ ದಂಡವೂ ಸೇರುತ್ತದೆ. ಅದೂ ದಾಟಿದರೆ 5 ದಿನ ಹೆಸರು ಅಳಿಸುವ ಸರದಿಯಲ್ಲಿರುತ್ತದೆ, ಆಗ ಹಣ ಕೊಟ್ಟರೂ ಸಿಗದು.

‘ಆಥ್ ಕೋಡ್’ಗೆ ‘ಗುಪ್ತ ಸಂಖ್ಯೆ’ ತಪ್ಪು, ಅದರಲ್ಲಿ ಅಕ್ಷರಗಳೂ ಇರುತ್ತವೆ. ‘ವರ್ಗಾವಣೆ ಕೋಡ್’ ಸಾಕು. ಬೇರೆ ಸಂಸ್ಥೆಗೆ ಹೋಗಲು ಬೇಕಾದ ಇದನ್ನು ಕೇಳಿದ 5 ದಿನದೊಳಗೆ ಕೊಡಬೇಕೆಂಬುದು ಐಕ್ಯಾನ್ ನಿಯಮ. ಖಾತೆಯಲ್ಲೇ ತೆಗೆದುಕೊಳ್ಳಲು ಬಿಡುವ ಸಂಸ್ಥೆ ಮೇಲು.